ಆಡೋರು ಹದಿನಾಲ್ಕು ಜನ, ಮಿಕ್ಕೋರು ಚಪ್ಪಲಿ ಕಾಯ್ಬೇಕಾ?

ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಪ್ರಾಥಮಿಕ ಶಾಲೆಗಳ ಕ್ರೀಡಾಕೂಟದ ಫೋಟೋ ಬಂದಿತ್ತು, ಗಣ್ಯರು ಬಲೂನ್ ಬಿಡ್ತಾ ಇದಾರೆ, ಹಿಂದೆ ಮಕ್ಕಳು ಬಿಸಿಲಲ್ಲಿ ಕಣ್ಣು ಕಿರಿದು ಮಾಡ್ಕೊಂಡು ನಿಂತಿದಾವೆ. ಆ ದಿನ ನಮ್ಮೂರ ಶಾಲೆಯಿಂದ ಹೋಗಿದ್ದು 14 ಮಕ್ಕಳು. ಶಾಲೇಲಿ ಇರೋದು 112. ಮಿಕ್ಕ 98 ಮಕ್ಕಳು ಅವತ್ತು ಏನ್ ಮಾಡಿದ್ವು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳ್ತಿರಲಿಲ್ಲ, ನನ್ನ ಮಗಳು ಆ 98ರಲ್ಲಿ ಒಬ್ಳಾಗಿದ್ದಕ್ಕೆ ಕೇಳೋ ಹಾಗಾಯ್ತು.

ನಾನು ಹಾಸನ ಜಿಲ್ಲೆಯವನು, ತೆಂಗು ರಾಗಿ ಅಂತ ಬೇಸಾಯ ಮಾಡ್ಕೊಂಡಿದೀನಿ, ಎರಡು ವರ್ಷದಿಂದ ಊರ ಶಾಲೆ ಎಸ್‌ಡಿಎಂಸಿ, ಅಂದ್ರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಮೆಂಬರ್. ಶಾಲೆ ಹೆಸರು ಬರೆಯಲ್ಲ, ಯಾಕಂದ್ರೆ ನಮ್ಮ ಮೇಷ್ಟ್ರುಗಳು ಕೆಟ್ಟೋರಲ್ಲ, ಮತ್ತೆ ಇದು ನಮ್ಮೊಂದು ಶಾಲೆ ಕಥೆಯೂ ಅಲ್ಲ, ಪಕ್ಕದ ಊರಿನ ನೆಂಟರನ್ನ ಕೇಳಿದ್ರೂ ಇದೇ ಹೇಳ್ತಾರೆ.

ಮಗಳು ನಾಲ್ಕನೇ ಕ್ಲಾಸು. ಒಂದಿನ ಸಂಜೆ ಕೈಕಾಲು ತೊಳ್ಕೊಂಡು ಬಂದು ಕೂತಾಗ ಸುಮ್ನೆ ಕೇಳ್ದೆ, ಇವತ್ತು ಪಿಟಿ ಪೀರಿಯಡ್ ಇತ್ತಲ್ಲ ಏನ್ ಆಡಿದ್ರಿ ಅಂತ. "ಅವ್ರೆಲ್ಲ ಖೋ ಖೋ ಆಡಿದ್ರು ಅಪ್ಪ, ನಾನು ಚಪ್ಪಲಿ ಕಾದೆ" ಅಂದ್ಲು. ಬೇಜಾರಲ್ಲೇನೂ ಹೇಳಲಿಲ್ಲ, ತನಗೆ ಕೊಟ್ಟ ಡ್ಯೂಟಿ ಮುಗಿಸಿ ಬಂದವಳ ಥರ ಹೇಳಿದ್ಲು. ವಿಚಾರಿಸಿದ್ರೆ ವಿಷಯ ಇಷ್ಟು, ತಾಲೂಕು ಮಟ್ಟಕ್ಕೆ ಹೋಗೋ ಟೀಮ್ ಪ್ರಾಕ್ಟೀಸ್ ನಡೀತಿತ್ತು, ದೊಡ್ಡ ಮಕ್ಕಳು ಚಪ್ಪಲಿ ಬಿಚ್ಚಿ ಅಂಕಣಕ್ಕೆ ಇಳೀತಾರೆ, ನಾಯಿ ಎತ್ಕೊಂಡು ಹೋಗ್ದೇ ಇರೋ ಹಾಗೆ ನೋಡ್ಕೊಳ್ಳೋಕೆ ಚಿಕ್ಕವರನ್ನ ಕೂರಿಸ್ತಾರೆ. ಕೂತವರು ಅದೇ ಕೂತವರು. ಸ್ವಲ್ಪ ದಪ್ಪ ಇರೋರು, ನಿಧಾನ ಓಡೋರು, ಹೋದ ವರ್ಷ ಕೈ ಮುರಿದಿತ್ತು ಅಂತ ಅಮ್ಮಂದಿರು ಹೇಳಿ ಕಳ್ಸಿರೋರು. ಅಂದ್ರೆ ಯಾರಿಗೆ ಓಡಾಟ ಜಾಸ್ತಿ ಬೇಕೋ ಅವರೇ ಜಗಲಿ ಮೇಲೆ.

ಆಮೇಲೆ ಅವಳ ಪ್ರಗತಿ ಪತ್ರ ತೆಗೆದು ನೋಡ್ದೆ. ದೈಹಿಕ ಶಿಕ್ಷಣದ ಮುಂದೆ ನೀಟಾಗಿ "ಎ" ಗ್ರೇಡ್! ಚಪ್ಪಲಿ ಕಾದಿದ್ದಕ್ಕೆ ಎ.

ಇನ್ನು ಗೋಡೆ ಮೇಲಿನ ವೇಳಾಪಟ್ಟಿ. ಅದರಲ್ಲಿ ಎಲ್ಲಾ ಕ್ಲಾಸಿಗೂ ಆಟದ ಪೀರಿಯಡ್ ಇದೆ, ಕಲರ್ ಸ್ಕೆಚ್‌ಪೆನ್ನಲ್ಲಿ ಬರೆದಿದಾರೆ. ಆದ್ರೆ ಗಣಿತ ಪೋರ್ಷನ್ ಮುಗಿದಿಲ್ಲ ಅಂದ್ರೆ ಆ ಪೀರಿಯಡ್ ಹೋಯ್ತು, ಮೇಷ್ಟ್ರು ಮೀಟಿಂಗ್‌ಗೆ ಹೋದ್ರೆ ಹೋಯ್ತು, ಕ್ಲಾಸಲ್ಲಿ ಗಲಾಟೆ ಮಾಡಿದ್ರಂತೂ "ನಿಮಗೆ ಇವತ್ತು ಪಿಟಿ ಕಟ್" ಅನ್ನೋದೇ ಶಿಕ್ಷೆ. ಇನ್ನೊಂದ್ ಕಡೆ ಹೋಂವರ್ಕ್ ಮಾಡ್ದೇ ಇದ್ರೆ ಮೈದಾನ ಎರಡು ರೌಂಡ್ ಓಡು ಅಂತಾರೆ. ಓಡಿಸೋದೂ ಶಿಕ್ಷೆ, ಓಡೋಕೆ ಬಿಡದೇ ಇರೋದೂ ಶಿಕ್ಷೆ, ಮಗು ಏನಂತ ತಿಳ್ಕೋಬೇಕು ಹೇಳಿ.

ಸೆಪ್ಟೆಂಬರ್ ಮೀಟಿಂಗಲ್ಲಿ ನಾನು ಆಟದ ಸಾಮಾನು ನೋಡ್ಬೇಕು ಅಂದೆ. ಹೆಡ್ಮೇಷ್ಟ್ರು ಸ್ವಲ್ಪ ಮುಖ ನೋಡಿದ್ರು, ಆಮೇಲೆ ಕೀ ಹುಡುಕಿ ಆಫೀಸ್ ರೂಮಿನ ಕಬ್ಬಿಣದ ಬೀರು ತೆಗೆದ್ರು. ಒಳಗಡೆ ಸ್ಕಿಪ್ಪಿಂಗ್ ಹಗ್ಗ ಇನ್ನೂ ಪ್ಲಾಸ್ಟಿಕ್ ಕವರಲ್ಲೇ ಇದೆ, ಟೆನಿಕಾಯ್ಟ್ ರಿಂಗು ಒಂದರ ಮೇಲೊಂದು ಜೋಡಿಸಿದಾರೆ, ಮರದ ಡಂಬಲ್ಸ್, ಶಟ್ಲ್ ಬ್ಯಾಟು, ಮೂರು ವಾಲಿಬಾಲು, ಮೂರೂ ಗಾಳಿ ಹೋಗಿ ಹಳೇ ಕಿತ್ತಳೆ ಹಣ್ಣಿನ ಥರ ಮುದುಡಿದಾವೆ. ಪಂಪ್ ಇದೆ, ಪಂಪಿನ ಪಿನ್ ಇಲ್ಲ. ಎಷ್ಟು ದಿನದಿಂದ ಇಲ್ಲ ಅಂದ್ರೆ ಯಾರಿಗೂ ನೆನಪಿಲ್ಲ. ಅಂಗಡೀಲಿ ಕೇಳಿದ್ರೆ ಪಿನ್ನಿಗೆ ಇಪ್ಪತ್ತು ರೂಪಾಯಿ.

ಹೆಡ್ಮೇಷ್ಟ್ರ ಕಷ್ಟಾನೂ ಹೇಳ್ಬೇಕು. ಸಾಮಾನೆಲ್ಲಾ ದಾಸ್ತಾನು ಪುಸ್ತಕದಲ್ಲಿ ಎಂಟ್ರಿ ಆಗಿರುತ್ತೆ, ನಾಳೆ ಆಡಿಟ್‌ನೋರು ಬಂದು ಆರು ರಿಂಗಲ್ಲಿ ನಾಲ್ಕೇ ಇದಾವಲ್ಲ ಅಂದ್ರೆ ಉತ್ತರ ಕೊಡೋರು ಅವರೇ. ಬೀರುವಲ್ಲಿದ್ರೆ ಲೆಕ್ಕ ಸರಿ ಇರುತ್ತೆ, ಮಕ್ಕಳ ಕೈಗೆ ಕೊಟ್ರೆ ತಪ್ಪುತ್ತೆ. ಸಮಗ್ರ ಶಿಕ್ಷಾ ಅನ್ನೋ ಸರ್ಕಾರಿ ಯೋಜನೇಲಿ ಆಟದ ಸಾಮಾನಿಗೆ ಅಂತ ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000 ರೂಪಾಯಿ ಇಟ್ಟಿದಾರೆ, ಕಮ್ಮಿ ದುಡ್ಡೇ ಅದು, ಆದ್ರೆ ಆ ದುಡ್ಡಿನ ಸಾಮಾನು ಸವೆದು ಹರಿದು ಹೋದ್ರೆ ತಾನೇ ಉಪಯೋಗ ಆಯ್ತು ಅಂತ ಅರ್ಥ? ಹೊಸದಾಗೇ ಇದ್ರೆ ಅನುಮಾನ ಪಡ್ಬೇಕು. ನಮ್ಮಲ್ಲಿ ಉಲ್ಟಾ.

ಒಂದು ಲೆಕ್ಕ ಹಾಕಿ ನೋಡಿ ಸಾರ್. ಮಗಳ ಕ್ಲಾಸಲ್ಲಿ 32 ಮಕ್ಕಳು, ಪೀರಿಯಡ್ 40 ನಿಮಿಷ, ಗಾಳಿ ಇರೋ ಬಾಲ್ ಒಂದು ಅಂತಿಟ್ಕೊಳ್ಳಿ. ಒಬ್ಬೊಬ್ಬರ ಪಾಲಿಗೆ ಒಂದೂಕಾಲು ನಿಮಿಷ ಬರುತ್ತೆ, ಅದೂ ಎಲ್ಲರಿಗೂ ಸಮ ಸಿಕ್ಕಿದ್ರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರೋ ಥರ ಓಡಾಟ ಬೇಕು ಅಂತ. ಹಳ್ಳಿ ಮಕ್ಕಳು ಹೆಂಗೂ ಓಡಾಡ್ತಾವೆ ಬಿಡಿ ಅಂತ ನೀವು ಅನ್ನಬಹುದು, ನಾವೂ ಹಾಗೇ ಅಂದ್ಕೊಂಡಿದ್ವಿ, ಈಗ ಸಂಜೆ ನಮ್ಮೂರ ಬೀದೀಲಿ ನಿಂತ್ಕೊಂಡು ನೋಡಿ, ಚಿನ್ನಿದಾಂಡು ಇಲ್ಲ ಲಗೋರಿ ಇಲ್ಲ, ಮನೆ ಮನೇಲೂ ಫೋನು. ನಾವು ಮರಕೋತಿ ಆಡಿದ್ದ ಆಲದ ಮರದ ಕೆಳಗೆ ಈಗ ಕಾರು ನಿಲ್ಲಿಸ್ತಾರೆ.

ಈಗ ಕಾನೂನಿನ ವಿಷಯಕ್ಕೆ ಬರ್ತೀನಿ, ಇದು ನನಗೂ ಮೊದಲು ಗೊತ್ತಿರಲಿಲ್ಲ, ಎಸ್‌ಡಿಎಂಸಿ ಟ್ರೈನಿಂಗಲ್ಲಿ ಕೇಳಿದ ಮೇಲೆ ಹುಡುಕಿ ಓದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಅಂದ್ರೆ ಆರ್‌ಟಿಇ, ಅದರ ಅನುಸೂಚೀಲಿ ಶಾಲೆಗೆ ಆಟದ ಮೈದಾನ ಇರಬೇಕು, ಪ್ರತಿ ಕ್ಲಾಸಿಗೂ ಆಟದ ಸಾಮಾನು ಕೊಡಬೇಕು ಅಂತ ಇದೆ. ಸರಿ. ಆದ್ರೆ ದೈಹಿಕ ಶಿಕ್ಷಣ ಹೇಳ್ಕೊಡೋರ ವಿಷಯ ಬಂದಾಗ ಅದು ಶುರುವಾಗೋದೇ 6ನೇ ಕ್ಲಾಸಿಂದ, ಅದೂ 6ರಿಂದ 8ರವರೆಗೆ ಮಕ್ಕಳು 100ಕ್ಕಿಂತ ಜಾಸ್ತಿ ಇದ್ರೆ, ಅದೂ ಪಾರ್ಟ್‌ಟೈಮ್. ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಯಾರೂ ಇಲ್ಲ. ಓಡೋದು, ಜಿಗಿಯೋದು, ಎಸೆಯೋದು, ಹಿಡಿಯೋದು, ಒಂಟಿ ಕಾಲಲ್ಲಿ ನಿಲ್ಲೋದು, ಇದನ್ನೆಲ್ಲ ಮಕ್ಕಳು ಕಲಿಯೋ ವಯಸ್ಸೇ ಅದು, ಆ ವಯಸ್ಸಿಗೇ ಗುರು ಇಲ್ಲ. ಅ ಆ ಇ ಈ ಹೇಳ್ಕೊಡದೇ ಆರನೇ ಕ್ಲಾಸಲ್ಲಿ ನೇರ ಪ್ರಬಂಧ ಬರೆಸಿದ ಹಾಗೆ.

ಪಿಟಿ ಮೇಷ್ಟ್ರು ಇರೋ ಶಾಲೆಗಳಲ್ಲಾದ್ರೂ ಅವರನ್ನ ಮೈದಾನದಲ್ಲಿ ಬಿಡ್ತಾರಾ ಅಂದ್ರೆ ಅದೂ ಇಲ್ಲ. ಆಗಸ್ಟ್ ಹದಿನೈದು ಬಂತಂದ್ರೆ ಮಾರ್ಚ್‌ಪಾಸ್ಟ್, ಯಾವ ಜಯಂತಿ ಮೆರವಣಿಗೆ ಆದ್ರೂ ಸಾಲು ನಿಲ್ಲಿಸೋಕೆ ಅವರೇ, ಎಲೆಕ್ಷನ್ ಡ್ಯೂಟಿಗೂ ಅವರೇ, ಗಲಾಟೆ ಮಾಡೋ ಹುಡುಗರಿಗೆ ಹೆದರಿಸೋಕೂ ಅವರೇ. ಬೇರೆ ಟೀಚರುಗಳ ಜೊತೆ ನಮ್ಮನ್ನ ಸಮ ನೋಡಿ, ಪಿಟಿ ಟೀಚರ್‌ಗಳ ವಿಷಯದಲ್ಲಿ ಕೊಟ್ಟ ಪ್ರೊ. ವೈದ್ಯನಾಥನ್ ವರದಿ ಜಾರಿ ಮಾಡಿ ಅಂತ ಅವರು ಕೇಳ್ತಾ ಬಂದು ಎಷ್ಟೋ ವರ್ಷ ಆಯ್ತು, ಸರ್ಕಾರಗಳು ಬಂದ್ವು ಹೋದ್ವು, ಮನವಿ ಪತ್ರ ಮಾತ್ರ ಹಂಗೇ ಇದೆ.

ಸರ್ಕಾರ ಮಕ್ಕಳ ಮೈಗೆ ಏನೂ ಮಾಡ್ತಿಲ್ಲ ಅನ್ನೋಕಾಗಲ್ಲ. 2013ರಿಂದ ಹಾಲು ಕೊಡ್ತಾರೆ, ಮಧ್ಯಾಹ್ನ ಬಿಸಿಯೂಟ ಇದೆ, ಈಗ ವಾರದಲ್ಲಿ ಆರು ದಿನ ಮೊಟ್ಟೆ, ರಾಗಿ ಮಾಲ್ಟು. ನಮ್ಮ ಮನೆಯವರು ಮೊನ್ನೆ ಇದನ್ನೇ ಹೇಳ್ತಿದ್ರು, ದನಕ್ಕೆ ಹಿಂಡಿ ಬೂಸಾ ಹಾಕಿ ಕೊಟ್ಟಿಗೇಲೇ ಕಟ್ಟಿ ಹಾಕಿದ್ರೆ ಏನ್ ಬಂತು, ಮೇಯೋಕೆ ಬಿಡ್ಬೇಡ್ವಾ ಅಂತ.

ಈಗ ಒಂದು ಒಳ್ಳೇ ಸುದ್ದೀನೂ ಹೇಳ್ತೀನಿ, ಬರೀ ದೂರು ಬರೆದ್ರೆ ನೀವು ಪ್ರಿಂಟ್ ಮಾಡಲ್ಲ. ನಮ್ಮ ಶಾಲೇಲಿ ಒಬ್ರು ಮಿಸ್ ಇದಾರೆ, ಗಣಿತ ಮಾಡ್ತಾರೆ, ಪಿಟಿ ಟ್ರೈನಿಂಗ್ ಏನೂ ಆಗಿಲ್ಲ. ಮೀಟಿಂಗ್ ಆದ್ಮೇಲೆ ಅವರು "ನನಗೆ ಗುರುವಾರದ ಒಂದು ಪೀರಿಯಡ್ ಕೊಡಿ ಸಾರ್ ನೋಡ್ತೀನಿ" ಅಂದ್ರು. ಅಂಗಳದಲ್ಲಿ ಸುಣ್ಣದ ನೀರಲ್ಲಿ ನಾಲ್ಕು ಕುಂಟೆಬಿಲ್ಲೆ ಮನೆ ಬರೆಸಿದ್ರು, ಪಕ್ಕದಲ್ಲಿ ಹಾವಿನ ಥರ ಡೊಂಕಾಗಿ ಒಂದು ಗೆರೆ. ಒಂದು ಗುಂಪು ಕುಂಟುತ್ತೆ, ಒಂದು ಗುಂಪು ಗೆರೆ ಮೇಲೆ ಕಾಲು ಜಾರದ ಹಾಗೆ ನಡೆಯುತ್ತೆ, ಒಂದು ಗುಂಪು ಹಗ್ಗ ಹಾರುತ್ತೆ, ಇನ್ನೊಂದು ಗುಂಪಿಗೆ ಹಳೇ ಬಟ್ಟೆ ಸುತ್ತಿ ಹೊಲಿದ ಚೆಂಡು, ಗೋಡೆಗೆ ಎಸೆದು ಹಿಡೀಬೇಕು. ಎಂಟೆಂಟು ಜನ, ಹತ್ತು ನಿಮಿಷಕ್ಕೆ ಒಂದ್ ಸಲ ಜಾಗ ಬದಲು. ಯಾರೂ ಔಟ್ ಆಗಲ್ಲ, ಯಾರೂ ಸಾಲಲ್ಲಿ ನಿಂತು ಕಾಯಲ್ಲ. ಕುಂಟೋವಾಗ ಮೂರರ ಮಗ್ಗಿ ಹೇಳಿಸ್ತಾರೆ, ಅದು ಅವರ ಚಾಳಿ, ಗಣಿತದ ಮಿಸ್ ಅಲ್ವಾ.

ನಾನು ಕಾಂಪೌಂಡ್ ಹೊರಗೆ ನಿಂತು ನೋಡ್ದೆ. ಮಗಳು ಮೊದಲನೇ ಸಲ ನಾಲ್ಕನೇ ಮನೆವರೆಗೂ ಹೋಗಿ ಎರಡೂ ಕಾಲು ಊರಿಬಿಟ್ಲು, ಆಮೇಲೆ ನಾಲಿಗೆ ಹೊರಗೆ ಹಾಕ್ಕೊಂಡು ಮತ್ತೆ ಶುರು ಮಾಡಿದ್ಲು. ಅವಳಿಗೆ ಒಂಟಿ ಕಾಲಲ್ಲಿ ಜಾಸ್ತಿ ಹೊತ್ತು ನಿಲ್ಲೋಕೆ ಬರಲ್ಲ ಅನ್ನೋದು ಒಂಬತ್ತು ವರ್ಷ ಮನೇಲಿಟ್ಕೊಂಡಿದ್ದ ನಮಗೇ ಗೊತ್ತಿರಲಿಲ್ಲ.

ಮೈದಾನದ ಬಗ್ಗೆ ಜಾಸ್ತಿ ಬರೆಯಲ್ಲ, ಅದಕ್ಕೇ ಬೇರೆ ಪತ್ರ ಬೇಕು. ನಮ್ಮ ಶಾಲೆ ಜಾಗದಲ್ಲಿ ಒಂದು ಮೂಲೇಲಿ ನೀರಿನ ಟ್ಯಾಂಕ್ ಕಟ್ಟಿದಾರೆ, ಸುಗ್ಗಿ ಟೈಮಲ್ಲಿ ಹುರುಳಿ ಒಣಗಿಸ್ತಾರೆ (ಒಣಗಿಸಿದವರಲ್ಲಿ ನಾನೂ ಒಬ್ಬ, ಒಪ್ಕೋತೀನಿ). ನರೇಗಾದಲ್ಲಿ ಎಷ್ಟೋ ಕಡೆ ಶಾಲೆಗೆ ಆಟದ ಮೈದಾನ, ಕಾಂಪೌಂಡ್ ಮಾಡಿಸಿದಾರೆ, ಪಂಚಾಯ್ತಿಯೋರು ಮನಸ್ಸು ಮಾಡಿದ್ರೆ ಆಗುತ್ತೆ. ಬೆಂಗಳೂರಲ್ಲಿ ಮೂರು ಅಂತಸ್ತಿನ ಬಿಲ್ಡಿಂಗಲ್ಲಿ ಕಾನ್ವೆಂಟ್ ನಡೆಸಿ ಟೆರೇಸ್ ಮೇಲೆ ಪಿಟಿ ಮಾಡಿಸೋರ ಮುಂದೆ ನಮ್ಮದು ಸ್ವರ್ಗ.

ಹೆಣ್ಮಕ್ಕಳದ್ದು ಒಂದ್ ಮಾತು ಹೇಳ್ಲೇಬೇಕು. 2025ರ ಜನವರೀಲಿ ದೆಹಲೀಲಿ ಮೊದಲನೇ ಖೋ ಖೋ ವಿಶ್ವಕಪ್ ಆಯ್ತಲ್ಲ, ಗೆದ್ದ ನಮ್ಮ ಮಹಿಳಾ ಟೀಮಲ್ಲಿ ಟಿ. ನರಸೀಪುರ ತಾಲೂಕು ಕುರುಬೂರಿನ ಚೈತ್ರಾ ಇದ್ರು. ಅವತ್ತು ನಮ್ಮೂರ ವಾಟ್ಸಾಪ್ ಗ್ರೂಪಲ್ಲಿ ಚಪ್ಪಾಳೆ ಮೇಲೆ ಚಪ್ಪಾಳೆ. ಅದೇ ಗ್ರೂಪಿನ ಅಪ್ಪಂದಿರೇ ಮಗಳು ಐದನೇ ಕ್ಲಾಸು ದಾಟ್ತಿದ್ದ ಹಾಗೆ "ಬಿಸಿಲಲ್ಲಿ ಕಪ್ಪಾಗ್ತಾಳೆ, ಆಟಕ್ಕೆ ಬೇಡ" ಅಂತ ಮೇಷ್ಟ್ರಿಗೆ ಫೋನ್ ಮಾಡೋದು. ಸ್ಕರ್ಟಲ್ಲಿ ಓಡೋಕೆ ನಾಚಿಕೆ ಆಗುತ್ತೆ ಅಂತ ಕೂತ ಹುಡುಗೀರನ್ನ ನಾನೇ ನೋಡಿದೀನಿ, ಆಟದ ದಿನ ಚೂಡಿದಾರ್ ಪ್ಯಾಂಟು ಹಾಕ್ಕೊಂಡು ಬನ್ನಿ ಅಂದ್ರೆ ಮುಗೀತಲ್ಲ ಕಥೆ, ಅದಕ್ಕೆ ಯಾವ ಆರ್ಡರ್ ಬರ್ಬೇಕು?

ಶಿಕ್ಷಣ ಇಲಾಖೆಯೋರು ಇದನ್ನ ಓದಿದ್ರೆ ನಾನು ಕೇಳೋದು ದೊಡ್ಡದೇನಲ್ಲ. ಪ್ರತಿ ಶಾಲೆಗೂ ಪಿಟಿ ಟೀಚರ್ ನಾಳೆನೇ ಬರಲ್ಲ ಅಂತ ಗೊತ್ತು. ಒಂದರಿಂದ ಐದಕ್ಕೆ ಪಾಠ ಮಾಡೋ ಟೀಚರ್‌ಗಳಿಗೆ ಟ್ರೈನಿಂಗ್ ಕೊಡ್ತೀರಲ್ಲ, ಅದರ ಜೊತೆ ಎರಡು ದಿನ ಆಟ ಆಡಿಸೋದನ್ನೂ ಹೇಳ್ಕೊಡಿ. ಸವೆದ ಸಾಮಾನಿಗೆ ಹೆಡ್ಮೇಷ್ಟ್ರ ತಲೆಗೆ ಕಟ್ಟಲ್ಲ ಅಂತ ಒಂದು ಸುತ್ತೋಲೆ ಹೊರಡಿಸಿ. ತಪಾಸಣೆಗೆ ಬಂದಾಗ ಎಷ್ಟು ಕಪ್ ಗೆದ್ದಿದೀರಿ ಅಂತ ಕೇಳ್ಬೇಡಿ, ನಾಲ್ಕನೇ ಕ್ಲಾಸಿನ ಯಾವುದಾದ್ರೂ ಮಗು ಕರೆದು ಹಗ್ಗ ಹಾರು ನೋಡೋಣ ಅನ್ನಿ, ಬಾಲ್ ಎಸೆದು ಹಿಡಿ ನೋಡೋಣ ಅನ್ನಿ. ಕಪ್ ಬೀರು ಮೇಲೆ ಧೂಳು ಹಿಡ್ಕೊಂಡು ನಿಂತಿರುತ್ತೆ, ಅದನ್ನ ಆಮೇಲೆ ನೋಡಬಹುದು. ಹಾಗಂತ ಕ್ರೀಡಾಕೂಟ ಬೇಡ ಅಂತಲ್ಲ, ನಮ್ಮ ಖೋ ಖೋ ಟೀಮು ಈ ಸಲ ಸೆಮಿಫೈನಲ್‌ವರೆಗೂ ಹೋಯ್ತು, ಟ್ರಾಕ್ಟರ್ ತಗೊಂಡು ಹೋಗಿ ಕೂಗಿ ಬಂದವರಲ್ಲಿ ನಾನೂ ಇದ್ದೆ.

ಬಾಲ್ ಪಂಪಿನ ಪಿನ್ನು ನಾನೇ ತಂದು ಕೊಟ್ಟೆ, ಒಂದಲ್ಲ, ಮೂರು. ಮೊನ್ನೆ ಗುರುವಾರ ಸಂಜೆ ಮಗಳನ್ನ ಕೇಳ್ದೆ, ಇವತ್ತು ಚಪ್ಪಲಿ ಕಾಯೋಕೆ ಯಾರಿದ್ರು ಅಂತ. ಯಾರೂ ಇಲ್ಲ, ಎಲ್ರೂ ಚಪ್ಪಲಿ ಹಾಕ್ಕೊಂಡೇ ಆಡಿದ್ವಿ, ಒಬ್ರದ್ದು ಕಿತ್ತೋಯ್ತು ಅಂದ್ಲು. ಯಾರ್ದು ಅಂದೆ. ಬಾಗಿಲ ಹಿಂದೆ ಇಟ್ಟಿದ್ದ ಬಲಗಾಲಿನ ಚಪ್ಪಲಿ ಎತ್ತಿ ತೋರಿಸಿದ್ಲು, ಉಂಗುಷ್ಠ ಪೂರ್ತಿ ಕಿತ್ಕೊಂಡು ಬಂದಿತ್ತು.

ಇಂತಿ,
ಒಬ್ಬ ಪೋಷಕ, ಹಾಸನ ಜಿಲ್ಲೆ