ಮಾವನ ಲೆಕ್ಕದಲ್ಲಿ ಒಂದು ನಿಮಿಷ ಕಡಿಮೆ

ಏಪ್ರಿಲ್ ಕೊನೆಯ ಭಾನುವಾರ ಬೆಂಗಳೂರಿನ ವರ್ಲ್ಡ್ 10ಕೆ ಓಡಿ ಮುಗಿಸಿದೆ. 10 ಕಿಲೋಮೀಟರಿಗೆ 1 ಗಂಟೆ 14 ನಿಮಿಷ. ಜಂಬ ಕೊಚ್ಚಿಕೊಳ್ಳುವಂಥದ್ದೇನೂ ಇಲ್ಲ. ಸೀರೆ ಉಟ್ಟ ಅಜ್ಜಿಯೊಬ್ಬರು ನನ್ನನ್ನು ಹಿಂದೆ ಹಾಕಿ ಹೋದರು. ಆದರೆ ಫೆಬ್ರವರಿಯಲ್ಲಿ ಸೋದರಮಾವ ತೀರಿಕೊಂಡ ಮೇಲೆ ಗೇಟಿನವರೆಗೆ ಹೋಗಿ ಹಾಲು ತರುವುದೂ ನನಗೆ ಬೇಡವಾಗಿತ್ತು. ಅಲ್ಲಿಂದ ಎಬ್ಬಿಸಿ ನಡೆಸಿದವರಿಗೆ ನಾಲ್ಕು ಮಾತು ಹೇಳಬೇಕಿದೆ.

ಮಾವ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ 31 ವರ್ಷ ದುಡಿದವರು. ಪಿಯುಸಿ ಓದಲು ತಿಪಟೂರಿನಿಂದ ಬಂದ ನಾನು ಮದುವೆಯಾಗುವವರೆಗೂ ಅವರ ಮನೆಯಲ್ಲೇ ಇದ್ದೆ. ನಲವತ್ತು ದಾಟಿದ ಮೇಲೆ ನನಗೆ ಓಟದ ಹುಚ್ಚು ಹಿಡಿದಾಗ ನಗದೇ ಇದ್ದವರು ಅವರೊಬ್ಬರೇ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲವಲ್ಲ, ಆಗ ಜೊತೆಗೆ ಬಂದು ಕೆಂಪು ಗ್ರಂಥಾಲಯದ ಹತ್ತಿರ ಕಾಫಿ ಫ್ಲಾಸ್ಕ್ ಇಟ್ಟುಕೊಂಡು ಕೂರುತ್ತಿದ್ದರು. ನಾನು ಬಂದು ನಿಂತ ಕೂಡಲೇ ಕೈಯಲ್ಲಿದ್ದ ಹಳೆಯ ಎಚ್‌ಎಂಟಿ 'ಜನತಾ' ವಾಚು ನೋಡಿ ಸಮಯ ಹೇಳುವರು. ಮನೆಗೆ ಹೋಗಿ ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಬರೆಯುವರು. ನಾನೇ ಒಂದು ಜಿಪಿಎಸ್ ವಾಚು ಕೊಂಡ ಮೇಲೆ ಗೊತ್ತಾಯಿತು, ಮಾವ ಪ್ರತಿ ಸಲವೂ ಒಂದು ನಿಮಿಷ ಕಡಿಮೆ ಹೇಳುತ್ತಿದ್ದರು. ಜೀವಮಾನವಿಡೀ ಗಡಿಯಾರ ಜೋಡಿಸಿದ ಮನುಷ್ಯ! ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ದಿನ, ಈ ಸಲ ಓಡುವುದಿಲ್ಲ ಅಂದೆ. ಅತ್ತೆ ಪಾತ್ರೆ ಒರೆಸುತ್ತಾ ಕೇಳಿದರು, "ಕಟ್ಟಿದ ದುಡ್ಡು ವಾಪಸ್ ಕೊಡ್ತಾರೇನೆ?"

"ಇಲ್ಲ ಅತ್ತೆ."

"ಮತ್ತೆ? ನಿಮ್ಮ ಮಾವ ದುಡ್ಡು ದಂಡ ಮಾಡಿದ್ದನ್ನ ಯಾವತ್ತಾದ್ರೂ ನೋಡಿದ್ಯಾ?"

ಈ ಸಲ ಯುಗಾದಿಗೆ ಒಬ್ಬಟ್ಟು ಮಾಡದ ಮನೆ ಅದು. ಸಾವಾಗಿ ಮೂರು ತಿಂಗಳಾಗಿಲ್ಲ, ಇವಳಿಗೆ ಪದಕ ಬೇಕಂತೆ ಎಂದು ಮೂಗಿನ ಮೇಲೆ ಬೆರಳಿಟ್ಟವರೂ ಇದ್ದರು. ಅವರಿಗೆ ಉತ್ತರ ಕೊಟ್ಟಿದ್ದು ನಾನಲ್ಲ, ಅತ್ತೆ. ಏನಂದರೋ, ಆಮೇಲೆ ಯಾರೂ ಮಾತೆತ್ತಲಿಲ್ಲ.

ನಮ್ಮ ಭಾನುವಾರದ ಗುಂಪಿಗೆ ಋಣಿ. ಮತ್ತೆ ಹೋದ ಮೊದಲ ದಿನ ಗ್ರಂಥಾಲಯದ ಕಡೆ ತಿರುಗುವ ಜಾಗದಲ್ಲಿ ನನ್ನ ಕಾಲು ನಿಂತಿತು. ಮುಂದಿದ್ದವರು ಒಂದೂ ಮಾತಾಡದೆ ಎಲ್ಲರನ್ನೂ ಇನ್ನೊಂದು ದಾರಿಗೆ ತಿರುಗಿಸಿದರು. ಐದು ವಾರ ಹಾಗೇ ನಡೆಯಿತು. ಆರನೇ ವಾರ ನಾನೇ ಆ ಕಡೆ ಹೋದೆ, ಹಿಂದೆ ಬಂದರು. "ಹೋದವರು ಎಲ್ಲಿದ್ದರೂ ನೋಡ್ತಿರ್ತಾರೆ" ಅಂತ ಯಾರೂ ಹೇಳಲಿಲ್ಲ, ಅದಕ್ಕೆ ಇನ್ನೊಂದು ನಮಸ್ಕಾರ. ಕೊನೆಯ ರಾತ್ರಿ ನಿಯಮ ಬದಿಗಿಟ್ಟು ನನ್ನನ್ನು ಐಸಿಯು ಒಳಗೆ ಬಿಟ್ಟ ನರ್ಸ್‌ಗೆ, ನನ್ನ ಕೆಲಸ ತಾವೇ ಮಾಡಿ ಮುಗಿಸಿದ ಆಫೀಸಿನ ಗೆಳತಿಯರಿಗೆ, ಎರಡು ತಿಂಗಳು ಉಪ್ಪಿಟ್ಟು ಬಿಟ್ಟು ಬೇರೇನೂ ಮಾಡದ, ಆದರೆ ತಪ್ಪದೇ ಮಾಡಿದ ಗಂಡನಿಗೆ ಕೂಡ.

ಓಟದ ದಿನ ಹಲಸೂರು ಕೆರೆಯ ಹತ್ತಿರ ನೀರು ಕೊಡುತ್ತಿದ್ದ ಹುಡುಗನೊಬ್ಬ, "ಆಂಟಿ, ಇನ್ನೇನು ಬಂದೇ ಬಿಡ್ತು!" ಅಂದ. ಇನ್ನೂ ಅರ್ಧ ದಾರಿ ಬಾಕಿ ಇತ್ತು. ಎಂಥ ಹಸಿ ಸುಳ್ಳು! ಮಾವನದೇ ಸುಳ್ಳು. ನಗು ಬಂತು, ಹಿಂದೆಯೇ ಅಳು ಬಂತು, ಫುಟ್‌ಪಾತಿನ ಮೇಲೆ ಕೂತೇ ಬಿಟ್ಟೆ. ಗುರುತಿಲ್ಲದ ಹೆಣ್ಣುಮಗಳೊಬ್ಬಳು ತನ್ನ ಓಟ ನಿಲ್ಲಿಸಿ ಪಕ್ಕದಲ್ಲಿ ಕೂತಳು. ಯಾಕೆ ಅಂತ ಕೇಳಲಿಲ್ಲ. "ಏಳೋಣ್ವಾ ಅಕ್ಕ?" ಅಂದಳು, ಅಷ್ಟೇ. ಮುಂದಿನ ಕಿಲೋಮೀಟರ್ ಫಲಕದವರೆಗೆ ಜೊತೆಯಲ್ಲೇ ನಡೆದು ಆಮೇಲೆ ಓಡಿಹೋದಳು. ನಿನ್ನ ಸಮಯ ಹಾಳು ಮಾಡಿದೆ ತಾಯಿ, ಹೆಸರನ್ನೂ ಕೇಳಿಕೊಳ್ಳಲಿಲ್ಲ.

ಮಧ್ಯಾಹ್ನ ಪದಕ ತೆಗೆದುಕೊಂಡು ಅತ್ತೆಯ ಮನೆಗೆ ಹೋದೆ. ಅತ್ತೆ ಪದಕದ ಕಡೆ ಸರಿಯಾಗಿ ನೋಡಲೂ ಇಲ್ಲ. "ಎಷ್ಟು?" ಅಂದರು. ಹೇಳಿದೆ. ಕ್ಯಾಲೆಂಡರಿಗೆ ದಾರ ಕಟ್ಟಿ ನೇತುಹಾಕಿದ್ದ ಪೆನ್ನು ತೆಗೆದು ಆ ಭಾನುವಾರದ ಮನೆಯಲ್ಲಿ ಬರೆದರು: 1-13.

"ಹದಿನಾಲ್ಕು ಅತ್ತೆ," ಅಂದೆ.

"ಗೊತ್ತು," ಅಂದು ಕಾಫಿಗೆ ಹಾಲಿಟ್ಟರು.