ಆ ದನಿ ಯಾರದು ಅಂತ ಈಗ ಗೊತ್ತಾಯಿತು

ಡಸೆಲ್ಡಾರ್ಫ್
ಭಾನುವಾರ ರಾತ್ರಿ

ಅಜ್ಜಿ,

ನಿನ್ನ ಪುಟ್ಟಿ ಮಾಡುವ ನಮಸ್ಕಾರ. ನಾನು ಕ್ಷೇಮ. ಚಳಿ ಬಿಟ್ಟರೆ ಬೇರೆ ತಕರಾರಿಲ್ಲ. ಚಟ್ನಿಪುಡಿ ಇನ್ನೂ ಇದೆ ಅಂತ ಅಮ್ಮನಿಗೆ ಹೇಳು.

ನಿನ್ನೆ ನಿದ್ದೆ ಬರದೆ ‘ನಾಗಮಂಡಲ’ ನೋಡಿದೆ. 1997ರ ಸಿನಿಮಾ. ಗಂಡ ಒಲಿಯಲಿ ಅಂತ ನಾಯಕಿ ರಾಣಿಗೆ ಮದ್ದಿನ ಬೇರು ಕೊಡುವ ಕುರುಡವ್ವ ಇದ್ದಾಳಲ್ಲ, ಅದು ಬಿ. ಜಯಶ್ರೀ. ನೀನು ಯಾವತ್ತೂ ಅವರ ಹೆಸರು ಹೇಳಿದವಳಲ್ಲ, ‘ಗುಬ್ಬಿ ವೀರಣ್ಣನವರ ಮೊಮ್ಮಗಳು’ ಅಂತಲೇ ಅನ್ನುತ್ತಿದ್ದೆ. ನನಗೋ ಅವರು ಸುಮ್ನೆ ಸಿನಿಮಾದಲ್ಲಿ ಬರುವ ಮುದುಕಿ. ನಿನ್ನೆ ಮಾತ್ರ ಬೆಚ್ಚಿಬಿದ್ದೆ. ಕುರುಡಿಯ ಪಾತ್ರ ನೋಡು, ಕಣ್ಣಲ್ಲಿ ಏನೂ ಹೇಳುವ ಹಾಗಿಲ್ಲ. ಆಸೆ, ತಮಾಷೆ, ಗಾಬರಿ ಎಲ್ಲಾ ಗಂಟಲಿಂದಲೇ ಬರಬೇಕು.

ಆ ಗಂಟಲು ಪಳಗಿದ್ದು ನಾಟಕದಲ್ಲಿ. ನೀನೇ ಹೇಳುತ್ತಿದ್ದೆ, ಕಂಪನಿ ನಾಟಕದಲ್ಲಿ ಹಿಂದಿನ ಬೆಂಚಿನವನಿಗೂ ಅಕ್ಷರ ಅಕ್ಷರ ಕೇಳಬೇಕು, ಇಲ್ಲದಿದ್ದರೆ ಶಿಳ್ಳೆ ಹೊಡೆಯುತ್ತಾರೆ ಅಂತ. ಜಯಶ್ರೀ ರಂಗಗೀತೆ ಹಾಡಿದ ವಿಡಿಯೊ ಕೂಡ ನೋಡಿದೆ. ಹಾಡುತ್ತಾ ಹಾಡುತ್ತಾ ಮಾತಿಗೆ ಇಳಿಯುತ್ತಾರೆ, ಮಾತು ಯಾವಾಗ ಮತ್ತೆ ಹಾಡಾಯಿತು ಅಂತ ಗೊತ್ತೇ ಆಗುವುದಿಲ್ಲ. ತಾತನ ನಾಟಕ ಕಂಪನಿ ಮನೆಯಲ್ಲೇ ಇದ್ದರೂ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ 1973ರಲ್ಲಿ ಓದು ಮುಗಿಸಿದರು. 1976ರಲ್ಲಿ ‘ಸ್ಪಂದನ’ ನಾಟಕ ತಂಡ ಕಟ್ಟಿದರು.

ಸಿನಿಮಾ ಅವರನ್ನು ಎರಡು ತುಂಡು ಮಾಡಿ ಬಳಸಿಕೊಂಡಿತು ಅಂತ ನನಗನ್ನಿಸುತ್ತದೆ. ದನಿ ನಾಯಕಿಯರಿಗೆ ಹೋಯಿತು, ವರ್ಷಗಟ್ಟಲೆ ಬೇರೆ ನಟಿಯರಿಗೆ ಡಬ್ಬಿಂಗ್ ಮಾಡಿದರು. ಮುಖ ಅಜ್ಜಿ ಪಾತ್ರಗಳಿಗೆ ಹೋಯಿತು. ಚಿಕ್ಕವಳಿದ್ದಾಗ ನಾವು ನೋಡಿದ ಯಾವ ಯಾವ ನಾಯಕಿಯ ಬಾಯಲ್ಲಿ ಅವರ ದನಿ ಇತ್ತೋ! ಕುರುಡವ್ವನಲ್ಲಿ ಎರಡೂ ಒಟ್ಟಿಗೆ ಸಿಕ್ಕವು, ಅದಕ್ಕೇ ಅಷ್ಟು ನಾಟಿತು. 2013ರಲ್ಲಿ ಪದ್ಮಶ್ರೀ ಬಂತು, ಅದಕ್ಕೂ ಮುಂಚೆ ರಾಜ್ಯಸಭೆಗೂ ನಾಮನಿರ್ದೇಶನವಾದರು. ಆದರೂ ನನ್ನಂಥವರಿಗೆ ‘ಆ ಸಿನಿಮಾದ ಅಜ್ಜಿ’ ಅಷ್ಟೇ. ನಾಚಿಕೆಯಾಯಿತು.

ಹಾಂ, ಒಂದು ಕೆಲಸ ಇದೆ. ನೀನು ಅಕ್ಕಿ ಆರಿಸುತ್ತಾ ಹೇಳುತ್ತಿದ್ದೆಯಲ್ಲ ಒಂದು ನಾಟಕದ ಹಾಡು, ಅದರ ಮೊದಲ ಸಾಲು ಮಾತ್ರ ನೆನಪಿದೆ. ಅಣ್ಣನ ಫೋನಿನಲ್ಲಿ ಪೂರ್ತಿ ಹಾಡಿ ಕಳಿಸು. ಮಧ್ಯೆ ಕೆಮ್ಮು ಬಂದರೆ ಬರಲಿ, ಅಳಿಸಬೇಡ ಅಂತ ಅವನಿಗೆ ಹೇಳು.

ನಿನ್ನ
ಪುಟ್ಟಿ