ಆರು ಟ್ರೇ ಮೊಟ್ಟೆ ಮತ್ತು ಮುಗಿಯದ ‘ಚಾರ್ಜ್’: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ಮೇಷ್ಟ್ರಲ್ಲ, ಟೀಚರ್ ಒಬ್ಬರ ಗಂಡ. ಸರ್ಕಾರಿ ನೌಕರಿಯಲ್ಲಿರುವವರು ಹೀಗೆ ಬರೆದರೆ ನಡತೆ ನಿಯಮ ಅಡ್ಡ ಬರುತ್ತದಂತೆ. ಗಂಡಂದಿರಿಗೆ ಅಂಥ ನಿಯಮ ಇನ್ನೂ ಬಂದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂಬತ್ತು ವರ್ಷದಿಂದ ‘ಪ್ರಭಾರ’ ಮುಖ್ಯ ಶಿಕ್ಷಕಿ. ಹಳೇ ಹೆಡ್‌ಮಾಸ್ಟರ್ ನಿವೃತ್ತರಾದ ದಿನ, ಸೀನಿಯರ್ ನೀವೇ ಅಲ್ವಾ ಮೇಡಂ, ಎರಡು ತಿಂಗಳು ಚಾರ್ಜ್ ನೋಡ್ಕೊಳ್ಳಿ ಅಂತ ಬೀರುವಿನ ಕೀ ಕೊಟ್ಟರು. ಆ ಎರಡು ತಿಂಗಳು ಇನ್ನೂ ಮುಗಿದಿಲ್ಲ. ಪ್ರಭಾರ, ಅದರ ಭತ್ಯೆ ಬಗ್ಗೆ ಹೇಳುವ ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) 32 ಮತ್ತು 68ನೇ ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಪ್ರಭಾರ ಭತ್ಯೆ ಅಂತ ಬಾಯಿಬಿಟ್ಟರೆ ಕಚೇರಿಯಲ್ಲಿ ನಗುತ್ತಾರೆ. ಒಂದರಿಂದ ಐದನೇ ತರಗತಿವರೆಗೆ 150ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಮುಖ್ಯ ಶಿಕ್ಷಕರು ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಇವಳ ಶಾಲೆ ಆ ಲೆಕ್ಕ ದಾಟಿ ಎಷ್ಟೋ ವರ್ಷವಾಯಿತು. ನಮಗೆ ಬೇಕಾದದ್ದು ಇಷ್ಟೇ, ಒಬ್ಬ ಖಾಯಂ ಹೆಡ್‌ಮಾಸ್ಟರ್ ಕೊಡಿ. ಇಲ್ಲ, ಇವಳಿಗೇ ಬಡ್ತಿ ಕೊಡಿ.

ಇನ್ನು ಮೊಟ್ಟೆ ವಿಷಯ. ವಾರಕ್ಕೆ ಆರು ದಿನ ಮೊಟ್ಟೆ, ಒಳ್ಳೇದೇ, ಮಕ್ಕಳು ತಿನ್ನಲಿ. ಆದರೆ ಬೇಯಿಸಿ ಸುಲಿದು ಕೊಡುವುದೂ ಸೇರಿ 6 ರೂಪಾಯಿ ಅಂತ ದರ ಕಟ್ಟಿದವರು ಚಳಿಗಾಲದಲ್ಲಿ ಒಮ್ಮೆ ಅಂಗಡಿಗೆ ಹೋಗಿ ಬರಬೇಕಿತ್ತು. ಮೇಲಿನ ದುಡ್ಡು ನಮ್ಮ ಜೇಬಿನಿಂದ, ತರುವುದು ನನ್ನ ಸ್ಕೂಟರಿನಲ್ಲಿ. ಟ್ರೇಗೆ 30ರಂತೆ ಆರು ಟ್ರೇ ಹಿಂದಿನ ಸೀಟಿಗೆ ಕಟ್ಟಿಕೊಂಡು ಹೋಗುವಾಗ, ರಾತ್ರೋರಾತ್ರಿ ಹುಟ್ಟಿಕೊಂಡಿದ್ದ ಒಂದು ಹಂಪ್ ಕಾಣಲಿಲ್ಲ. ಹನ್ನೊಂದು ಮೊಟ್ಟೆ ಒಡೆದು ಲೋಳೆ ನನ್ನ ಪ್ಯಾಂಟಿನ ಮೇಲೆಲ್ಲ ಇಳಿಯಿತು. ವಾಪಸ್ ಹೋಗಿ ಹನ್ನೊಂದು ಮೊಟ್ಟೆ ನನ್ನ ದುಡ್ಡಲ್ಲೇ ತಂದುಕೊಟ್ಟೆ, ಮಕ್ಕಳೆಲ್ಲ ತಿಂದರು. ಅದೇ ದಿನ ತಪಾಸಣೆಗೆ ಬಂದವರು ಬಿಲ್ಲಿಗೂ ದಾಸ್ತಾನು ಪುಸ್ತಕಕ್ಕೂ ಹನ್ನೊಂದು ಮೊಟ್ಟೆ ತಾಳೆಯಾಗುತ್ತಿಲ್ಲ ಅಂತ ಬರೆದುಕೊಂಡು ಹೋದರು. ವಾರದೊಳಗೆ ನೋಟಿಸ್ ಬಂತು, ಮೂರು ದಿನದಲ್ಲಿ ಸಮಜಾಯಿಷಿ ಕೊಡಬೇಕಂತೆ. ಮೊಟ್ಟೆ ಒಡೆದವನು ನಾನು, ನೋಟಿಸ್ ಅವಳಿಗೆ! ರಾತ್ರಿ ಒಂದು ಗಂಟೆವರೆಗೆ ಕೂತು ಉತ್ತರ ಬರೆದಳು. ಹಂಪಿನ ಫೋಟೋ ಕೂಡ ಲಗತ್ತಿಸಿದ್ದೇವೆ, ಬೇಕಾದರೆ ತರಿಸಿ ನೋಡಿ ಸ್ವಾಮಿ.

ಆರು, ಏಳನೇ ತರಗತಿ ಗಣಿತವೂ ಅವಳದೇ. ಮೊನ್ನೆ ಶಾಲೆಗೆ ಹೋದಾಗ ಏಳನೇ ತರಗತಿ ಬೋರ್ಡ್ ನೋಡಿದೆ. ‘ಅಸಲು = 5000’ ಅಂತ ಬರೆದು ಲೆಕ್ಕ ಅಲ್ಲಿಗೇ ನಿಂತಿತ್ತು. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಫೋನ್ ಮಾಡಿದ್ದರಂತೆ, ಮಕ್ಕಳ ಶೂ-ಸಾಕ್ಸ್ ಮಾಹಿತಿ ಅತಿ ತುರ್ತು. ಮಕ್ಕಳು ಅದರ ಕೆಳಗೆ ದಾಸವಾಳದ ಚಿತ್ರ ಬಿಡಿಸಿಕೊಂಡು ಕೂತಿದ್ದರು. ಚೆನ್ನಾಗೇ ಬಿಡಿಸಿದ್ದರು, ಅದು ಬೇರೆ ಮಾತು.

ಶಿಕ್ಷಕರ ನೇಮಕ, ಬಡ್ತಿ ಹೇಗೆ ಅಂತ ಹೇಳುವ 2017ರ ವೃಂದ ಮತ್ತು ನೇಮಕಾತಿ ನಿಯಮದ ಗಂಟು ಬಿಡಿಸಿ, ಬಡ್ತಿ ಕೊಡಿ ಅಂತ 2024ರ ಆಗಸ್ಟ್‌ನಲ್ಲಿ ಶಿಕ್ಷಕರು ಪ್ರತಿಭಟನೆಗೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದಿದ್ದರು. ಇವಳು ಹೋಗಲಿಲ್ಲ. ಒಂದು ದಿನದ ಮಟ್ಟಿಗೆ ಚಾರ್ಜ್ ತಗೊಳ್ಳಲು ಯಾರೂ ಒಪ್ಪಲಿಲ್ಲ. ಅವರದೂ ತಪ್ಪಲ್ಲ ಬಿಡಿ, ಒಂದು ದಿನಕ್ಕೆ ತಗೊಂಡರೆ ಏನಾಗುತ್ತದೆ ಅಂತ ಇವಳನ್ನು ನೋಡಿ ಗೊತ್ತಾಗಿದೆ.

ತರಬೇತಿ, ‘ನಾಯಕತ್ವ’ದ ಸರ್ಟಿಫಿಕೇಟ್ ಯಾವುದೂ ಬೇಡ. ಖಾಲಿ ಇರುವ ಮುಖ್ಯ ಶಿಕ್ಷಕರ ಹುದ್ದೆ ತುಂಬಿ. ಇವಳನ್ನಾದರೂ ಮಾಡಿ, ಬೇರೆಯವರನ್ನಾದರೂ ಕಳಿಸಿ, ಆದರೆ ತುಂಬಿ. ಈ ಜೂನ್‌ಗೆ ಶಾಲೆ ಶುರುವಾಗುವ ಮೊದಲು ಬೀರುವಿನ ಕೀ ಯಾರ ಕೈಗೆ ಕೊಡಬೇಕು ಅನ್ನುವುದನ್ನು ಆದೇಶದಲ್ಲಿ ತಿಳಿಸಿ.

ಇಂತಿ,
ಪ್ರಭಾರ ಮುಖ್ಯ ಶಿಕ್ಷಕಿಯ ಖಾಯಂ ಗಂಡ